ಹುಳು ಜ್ವರದಲ್ಲಿದ್ದಾಗ ಒಗ್ಗರಣೆ

ನಮ್ಮ ಮನೆ ಮೊದಲಿನಂತೆ ಇದ್ದ ಕಡೆಯ ದಿನ ಒಂದು ಭಾನುವಾರ. ಅವತ್ತೂ ನಾನೂ ನಮ್ಮವರೂ ಜಗಳವಾಡಿದೆವು. ಅದು ಕಡೆಯ ದಿನ ಎಂದು ಮುಂಚೆಯೇ ತಿಳಿದಿದ್ದರೆ ಆಸ್ತಿ, ನೆಂಟರು, ಅವರ ತಂಗಿಯ ಬಾಯಿ, ಹೀಗೆ ಏನಾದರೂ ಘನವಾದ ವಿಷಯವನ್ನೇ ಆರಿಸಿಕೊಳ್ಳುತ್ತಿದ್ದೆವೋ ಏನೋ. ತಿಳಿದಿರಲಿಲ್ಲ. ಹಾಗಾಗಿ ಸಾರಿನ ಒಗ್ಗರಣೆಗೆ ಜಗಳವಾಡಿದೆವು.

ಇದು ನಮ್ಮ ಮನೆಯ ಹಳೆಯ ವ್ಯಾಜ್ಯ. ನಮ್ಮವರು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ರೇಷ್ಮೆ ಕೃಷಿಯ ಪಾಠ ಹೇಳುತ್ತಿದ್ದರು. ಊರಿನಲ್ಲಿ ಅವರಿಗೆ ಹುಳದ ಮೇಷ್ಟ್ರು ಎಂದೇ ಹೆಸರು, ನಾನು ಹುಳದ ಮೇಷ್ಟ್ರ ಹೆಂಡತಿ. ಇಂಥ ಬಿರುದನ್ನು ಯಾವ ಹೆಂಗಸೂ ಕೇಳಿ ಪಡೆಯುವುದಿಲ್ಲ. ಅವರ ಪಾಠದಲ್ಲಿ ಪುಸ್ತಕ ಕಡಿಮೆ, ಹುಳು ಹೆಚ್ಚು. ಮಕ್ಕಳು ತಟ್ಟೆಗಳಲ್ಲಿ ಹುಳು ಸಾಕಬೇಕು, ಗೂಡು ಕಟ್ಟಿಸಬೇಕು, ಆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತಾವೇ ತೆಗೆದುಕೊಂಡು ಹೋಗಿ ಹರಾಜು ಮುಗಿಯುವ ತನಕ ನಿಲ್ಲಬೇಕು. ಅಷ್ಟಾದರೆ ಪಾಸು. ಕಾಲೇಜಿಗೆ ರಜೆ ಇರುತ್ತದೆ, ಹುಳುವಿನ ಹೊಟ್ಟೆಗೆ ಎಲ್ಲಿಯ ರಜೆ? ಆದ್ದರಿಂದ ಶನಿವಾರ ಸಂಜೆ ತಟ್ಟೆಗಳೆಲ್ಲ ಆಟೋ ಹತ್ತಿ ನಮ್ಮ ನಡುಮನೆಗೆ ಬರುತ್ತಿದ್ದವು. ಸೋಫಾ ಗೋಡೆಗೆ ಒತ್ತಿಕೊಳ್ಳುತ್ತಿತ್ತು, ನಾನು ಅಡುಗೆಮನೆಗೆ ಒತ್ತಿಕೊಳ್ಳುತ್ತಿದ್ದೆ. ಬೇರೆಯವರ ಮನೆಗೂ ಭಾನುವಾರ ನೆಂಟರು ಬರುತ್ತಾರೆ, ಆದರೆ ಅವರು ಊಟ ಮಾಡಿ ಕೈ ತೊಳೆದು ಹೋಗುತ್ತಾರೆ.

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ, ಒಂದು ದಿನ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿತು ಎಂದರೆ ಮನೆಯಲ್ಲಿ ಬಾಣಂತಿ ಇದ್ದ ಹಾಗೆ. ಊದುಬತ್ತಿ ಹಚ್ಚಬಾರದು, ಸೊಳ್ಳೆಬತ್ತಿ ಕೂಡದು, ಪೌಡರು ಬಳಿದುಕೊಂಡು ಹತ್ತಿರ ಸುಳಿಯಬಾರದು, ಹೊರಗಿನವರು ಬಂದು ಇಣುಕಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಒಗ್ಗರಣೆ ಹಾಕಬಾರದು. ಘಾಟಿಗೆ ಹುಳು ಕೆಡುತ್ತದೆ ಎನ್ನುವುದು ನಮ್ಮವರ ನಂಬಿಕೆ, ಅವರ ತಾಯಿಯ ನಂಬಿಕೆ, ಅವರ ತಾಯಿಗೆ ಯಾರು ಹೇಳಿದರೋ ಅವರ ನಂಬಿಕೆ. ನನಗೆ ಮಾತ್ರ ಈ ನಂಬಿಕೆ ಎಂದೂ ಬರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಇಲ್ಲದ ಸಾರು ಎಂದರೆ ಬೇಳೆ ಬೆಂದ ನೀರು.

“ಇವತ್ತೊಂದಿನ ತಡ್ಕೊಳ್ಳೇ ಪದ್ಮ, ನಾಲ್ಕನೇ ಜ್ವರಕ್ಕೆ ಕೂತವೆ” ಎಂದರು ಅವತ್ತು.

“ಜ್ವರ ಅವಕ್ಕೆ, ಪಥ್ಯ ನಮಗಾ?” ಎಂದೆ.

“ನಿನ್ನ ಬೆಳ್ಳುಳ್ಳಿ ಘಾಟಿಗೆ ಮನುಷ್ಯರೇ ಕೆಮ್ಮುತಾರೆ, ಪಾಪ ಹುಳ ಏನ್ಮಾಡ್ತವೆ?”

“ಯಾವತ್ತಾದ್ರೂ ಒಂದಿನ ಇವುಗಳ ಮುಂದೇನೇ ಒಗ್ಗರಣೆ ಹಾಕ್ತೀನಿ. ಏನಾಗುತ್ತೋ ನೋಡೇಬಿಡಣ.”

ಅವರು ನಕ್ಕರು. “ಹಾಕು, ಹಾಕು. ಏನಾಯ್ತು ಅಂತ ನನಗೆ ಹೇಳೀವಂತೆ.” ಆಮೇಲೆ ಆ ಬೇಳೆಯ ನೀರನ್ನೇ ಎರಡು ಸಲ ಬಡಿಸಿಕೊಂಡು, ಬೇಕೆಂದೇ ಚಪ್ಪರಿಸಿಕೊಂಡು ಉಂಡರು. ನನಗೆ ಇನ್ನಷ್ಟು ಉರಿಯಿತು.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟವರು ಬೀದಿಯ ತಿರುವನ್ನೂ ದಾಟಲಿಲ್ಲ. ಎದೆ ಹಿಡಿದುಕೊಂಡು ಕೂತರಂತೆ. ಅದಕ್ಕಿಂತ ಹೆಚ್ಚಾಗಿ ಬರೆಯಲು ನನಗೆ ಬರುವುದಿಲ್ಲ. ಮನೆ ತುಂಬ ಜನ ಸೇರಿದರು. ಇತ್ತ ಹುಳುಗಳು ಜ್ವರದಿಂದ ಎದ್ದವು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಎಂದರೆ ಮದುವೆಮನೆಯ ಕಡೆಯ ಪಂಕ್ತಿಯ ಹಸಿವು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕೆಲಸ ಮಾಡಿಸುವ ನೂರುಲ್ಲಾ ಸಾಬರು ನಮ್ಮವರ ಹಳೆಯ ಸ್ನೇಹಿತರು. ಹಾರ ಹಿಡಿದು ಬಂದವರು ಒಂದು ಗಳಿಗೆ ತಲೆ ತಗ್ಗಿಸಿ ನಿಂತರು, ತಟ್ಟೆಗಳ ಕಡೆ ನೋಡಿದರು, ನನ್ನ ಹತ್ತಿರ ಬಂದು ಮೆಲ್ಲಗೆ, “ಮೇಷ್ಟ್ರಮ್ಮಾ, ಇವಕ್ಕೆ ಸೊಪ್ಪು?” ಎಂದರು. ಪಕ್ಕದಲ್ಲಿ ಕೂತಿದ್ದ ನಾದಿನಿ, ಇದೇನು ಹೊತ್ತುಗೊತ್ತು ಇಲ್ಲದ ಮಾತು ಎಂಬಂತೆ ಅವರನ್ನು ನೋಡಿದಳು. ಅವರು ಹೋಗಿ ಬೈಕಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ತಾವೇ ಹರಡಿದರು. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ತುಂತುರು ಮಳೆಯ ಸದ್ದು ಶುರುವಾಯಿತು. ಹುಳುಗಳು ಸೊಪ್ಪು ತಿನ್ನುವ ಸದ್ದು ಹಾಗಿರುತ್ತದೆ. ಅಳುತ್ತಿದ್ದವರು ಅಳು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ಹೊರಗೆ ಒಣಹಾಕಿದ ಬಟ್ಟೆಯಿದೆಯೇ ಎಂದು ಯಾರೋ ಎದ್ದೂ ಹೋದರು.

ಕಾಲೇಜಿನವರು ಅನುಕಂಪದ ಮೇಲೆ ನನಗೆ ಒಂದು ಕೆಲಸ ಕೊಟ್ಟರು. ನಾನು ಓದಿದ್ದು ಪಿಯುಸಿ. ನಮ್ಮವರ ಪ್ರಯೋಗಾಲಯದಲ್ಲಿ ಹುಳು ನೋಡಿಕೊಳ್ಳುವ ಸಹಾಯಕಿ ಎಂದರು, ಒಪ್ಪಿಕೊಂಡೆ. ಮನೆಯಲ್ಲಿ ಬಿಟ್ಟಿ ಮಾಡುತ್ತಿದ್ದ ಕೆಲಸಕ್ಕೆ ಸಂಬಳ ಸಿಕ್ಕಿತು. ಆದರೆ ನಾನು ಸೇರುವ ಹೊತ್ತಿಗೆ ಆ ಕೋಣೆಯ ಮುಂದಿನ ಅರ್ಧ ಅಂತರರಾಷ್ಟ್ರೀಯ ಘಟಕ ಆಗಿಬಿಟ್ಟಿತ್ತು. ನಡುವೆ ಪ್ಲೈವುಡ್ಡಿನ ಒಂದು ಅಡ್ಡಗೋಡೆ. ಆ ಕಡೆ ಗಾಜಿನ ಮೇಜು, ತಿರುಗುವ ಕುರ್ಚಿ, ಭೂಮಿಯ ಗೋಳ. ಈ ಕಡೆ ಹುಳು ಮತ್ತು ನಾನು. ಗೋಡೆಯ ಮೇಲೆ ಸಾಲಾಗಿ ಗಡಿಯಾರಗಳು. ಒಂದರಲ್ಲಿ ಲಂಡನ್ನು, ಒಂದರಲ್ಲಿ ನ್ಯೂಯಾರ್ಕು, ಒಂದರಲ್ಲಿ ಟೋಕಿಯೋ. ಚಿಕ್ಕಬಳ್ಳಾಪುರದಲ್ಲಿ ಎಷ್ಟು ಗಂಟೆ ಎಂದು ತೋರಿಸುವುದು ಯಾವುದೂ ಇಲ್ಲ. ಮೊದಲ ವಾರ ಟೋಕಿಯೋ ನಂಬಿಕೊಂಡು ಚೀಲ ಹೆಗಲಿಗೇರಿಸಿ ಹೊರಟಿದ್ದೆ. ಗೇಟಿನವನು, “ಏನಮ್ಮಾ, ಊಟದ ಬೆಲ್ಲೇ ಹೊಡೆದಿಲ್ಲ, ಆಗ್ಲೇ ಮನೆಗಾ?” ಎಂದು ಹಿಂದಕ್ಕೆ ಕಳಿಸಿದ.

ಘಟಕದ ನಿರ್ದೇಶಕರು ಗಿರಿಧರ್ ಸಾರ್. ಕೆಟ್ಟ ಮನುಷ್ಯರಲ್ಲ. ಒಂದು ಸಲ ಹೊರದೇಶದ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದಿದ್ದರು, ಪೂರ್ತಿ ವಾಪಸು ಬಂದಿರಲಿಲ್ಲ, ಅಷ್ಟೆ. ಕಾಫಿ ಬಿಸಿ ಇಲ್ಲದಿದ್ದರೂ “ಅಲ್ಲಿ ಹೀಗಲ್ಲ” ಎನ್ನುತ್ತಿದ್ದರು. ಉತ್ತರದ ಒಂದು ಚಳಿ ದೇಶದ ವಿಶ್ವವಿದ್ಯಾಲಯದ ಜೊತೆ ನಮ್ಮ ಕಾಲೇಜು ಒಪ್ಪಂದ ಮಾಡಿಕೊಂಡಿತ್ತು. ಇಲ್ಲಿಯ ಮಕ್ಕಳು ಅಲ್ಲಿಗೆ, ಅಲ್ಲಿಯ ಮಕ್ಕಳು ಇಲ್ಲಿಗೆ. ಅದಕ್ಕಾಗಿ ಎರಡೂ ಕಡೆಯ ಪಠ್ಯ ಸರಿಸಮ ಆಗಬೇಕು. ಸರಿಸಮ ಮಾಡುವುದೆಂದರೆ ಎಡಗಡೆ ನಮ್ಮ ಪಾಠದ ಹೆಸರು, ಬಲಗಡೆ ಅವರ ಪಾಠದ ಹೆಸರು ಬರೆದು ಜೋಡಿ ಮಾಡುವುದು. ಇದು ಸುಲಭದ ಕೆಲಸ ಎಂದು ಯಾರಾದರೂ ಅಂದುಕೊಂಡರೆ ಅವರು ಮಗಳಿಗೆ ವರ ಹುಡುಕಿಲ್ಲ. ನಮ್ಮ ಮಕ್ಕಳು ಶನಿವಾರ ಮೈದಾನ ಗುಡಿಸುವ ಶ್ರಮದಾನ ಇತ್ತಲ್ಲ, ಅದಕ್ಕೆ ವಿಶ್ವ ನಾಗರಿಕತ್ವ ಎಂಬ ಗಂಡು ಸಿಕ್ಕಿತು. ಕನ್ನಡ ಪಾಠಕ್ಕೆ ಜಗತ್ತಿನ ಭಾಷಾ ಸಂವೇದನೆ. ಪೊರಕೆ ಅದೇ, ಮೈದಾನ ಅದೇ, ಪಾರ್ಥೇನಿಯಂ ಗಿಡವೂ ಅದೇ. ನಮ್ಮವರ ಹುಳುವಿನ ಪಾಠದ ಎದುರಿಗೆ ಮಾತ್ರ ಖಾಲಿ ಉಳಿಯಿತು.

“ಏನ್ ಮಾಡೋದು ಮೇಡಂ, ಅವರಲ್ಲಿ ಹಿಪ್ಪುನೇರಳೆ ತೋಟ ಇಲ್ಲ. ಚಳಿ ದೇಶ” ಎಂದರು ಗಿರಿಧರ್ ಸಾರ್.

“ಅವರಿಗಿಲ್ಲ ಅಂದ್ರೆ ನಮಗೂ ಬೇಡ್ವಾ ಸಾರ್?”

“ಸರಿಸಮ ಆಗ್ಬೇಕಲ್ಲ. ಗ್ಲೋಬಲ್ ಆಗಿ ಯೋಚ್ನೆ ಮಾಡಿ ಮೇಡಂ.”

ನಾನು ಯೋಚನೆ ಮಾಡಿದೆ. ಪಕ್ಕದ ಮನೆಯವರಿಗೆ ಸಕ್ಕರೆ ಕಾಯಿಲೆ ಎಂದು ನಾವು ಪಾಯಸಕ್ಕೆ ಬೆಲ್ಲ ಬಿಟ್ಟ ಹಾಗೆ ಕಂಡಿತು. ಬಾಯಿ ಬಿಟ್ಟು ಹೇಳಲಿಲ್ಲ. ಅನುಕಂಪದ ಮೇಲೆ ಬಂದವರು ಉಪಮೆ ಕೊಡಬಾರದು. ಆದರೆ ಆ ಪಾಠ ಹೋದರೆ ಈ ಕೋಣೆಯಿಂದ ತಟ್ಟೆಗಳು ಹೋಗುತ್ತವೆ, ತಟ್ಟೆಗಳು ಹೋದರೆ ನಮ್ಮವರು ಇಲ್ಲಿ ಇದ್ದರು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ ಎನ್ನುವುದು ಮಾತ್ರ ನನಗೆ ಯಾವ ಗೋಳವೂ ಇಲ್ಲದೆ ಅರ್ಥವಾಯಿತು.

ಇಷ್ಟೆಲ್ಲ ಯಾರಿಗಾಗಿ ಎಂದರೆ, ಹೊರದೇಶದಿಂದ ಒಬ್ಬರೂ ಬಂದಿರಲಿಲ್ಲ. ನಮ್ಮಲ್ಲಿ ಹೊರಗಿನವಳು ಎಂದು ಇದ್ದವಳು ಹಿಂದೂಪುರದ ಪ್ರಸನ್ನ ಒಬ್ಬಳೇ. ಗೌರಿಬಿದನೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ವಿದುರಾಶ್ವತ್ಥ ದಾಟಿ ಸ್ವಲ್ಪ ದೂರಕ್ಕೇ ರಾಜ್ಯ ಮುಗಿದುಹೋಗುವುದು ಅವಳ ತಪ್ಪಲ್ಲ. ಗಿರಿಧರ್ ಸಾರ್ ತಮ್ಮ ವರದಿಯಲ್ಲಿ ಅವಳನ್ನು ಗಡಿಯಾಚೆಯ ವಿದ್ಯಾರ್ಥಿನಿ ಎಂದು ಹಾಕಿದ್ದರು.

“ಅಯ್ಯೋ ಆಂಟಿ, ನಾನು ಫಾರಿನ್ನಾ? ಅಮ್ಮಂಗೆ ಹೇಳಿದ್ರೆ ಊರೆಲ್ಲಾ ಟಾಂ ಟಾಂ ಮಾಡ್ತಾಳೆ” ಎಂದು ಅವಳು ಸೊಪ್ಪು ಕತ್ತರಿಸುತ್ತಾ ನಕ್ಕಳು. “ಹಂಗಾದ್ರೆ ನನ್ನ ಬಸ್ ಪಾಸಿಗೆ ಒಂದು ವೀಸಾ ಹೊಡಿಸಿಕೊಡಿ.”

ಚಳಿ ದೇಶದ ಪ್ರೊಫೆಸರ್ ಮೇಡಂ ಜೊತೆ ಪರದೆಯ ಮೇಲೆ ಮಾತುಕತೆ ಗೊತ್ತಾದ ದಿನ ನಮ್ಮ ಹುಳುಗಳು ನಾಲ್ಕನೇ ಜ್ವರ ಕಳೆದು ಅಬ್ಬರದ ಹಸಿವಿನಲ್ಲಿದ್ದವು. ಹೊರಗೆ ತಲೆ ಸಿಡಿಯುವ ಬಿಸಿಲು. “ಮೇಡಂ, ನೀವು ಆ ಕಡೆ ಸದ್ದು ಮಾಡ್ಬೇಡಿ” ಎಂದು ಗಿರಿಧರ್ ಸಾರ್ ನನಗೆ ಹೇಳಿದರು. ನಾನು ಸದ್ದು ಮಾಡಲಿಲ್ಲ. ಸೊಪ್ಪು ಹರಡಿ ಸುಮ್ಮನೆ ಕೂತೆ. ಆ ಕಡೆ ಸರಿಸಮದ ಮಾತು ಜೋರಾಗಿ ನಡೆಯುತ್ತಿರುವಾಗ ಆ ಮೇಡಂ ನಡುವೆ ತಡೆದು ಏನೋ ಕೇಳಿದರು. ನಿಮ್ಮಲ್ಲಿ ಮಳೆ ಬರುತ್ತಿದೆಯೇ, ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂದು. ಗಿರಿಧರ್ ಸಾರ್ ಯಾರಿಗೂ ಇಲ್ಲ ಎಂದವರಲ್ಲ. ಹೌದು ಮೇಡಂ, ಒಳ್ಳೆಯ ಮಳೆ ಎಂದುಬಿಟ್ಟರು. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ನಂದಿಬೆಟ್ಟದ ಕಡೆಯ ಆಕಾಶ ಉಜ್ಜಿಟ್ಟ ಕಂಚಿನ ತಟ್ಟೆಯಂತೆ ಹೊಳೆಯುತ್ತಿತ್ತು. ನಿಮ್ಮ ಹಿಂದೆ ಬಿಸಿಲು ಕಾಣುತ್ತಿದೆಯಲ್ಲ ಎಂದರಂತೆ ಆಕೆ. ಬಿಸಿಲು ಮಳೆ ಎರಡೂ ಸೇರಿದರೆ ನಮ್ಮ ಕಡೆ ನರಿಗೆ ಮದುವೆ ಎನ್ನುತ್ತೇವೆ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸಾರ್ ಮದುವೆಯ ಊಟದ ತನಕ ಬಂದು ಸಿಕ್ಕಿಹಾಕಿಕೊಂಡರು. ಪ್ರಸನ್ನಳಿಗೆ ನಗು ತಡೆಯಲಾಗಲಿಲ್ಲ. “ಮಳೆ ಅಲ್ಲ ಸಾರ್, ಹುಳ!” ಎಂದು ಅಡ್ಡಗೋಡೆಯ ಮೇಲಿಂದ ಕೂಗಿದಳು.

ಆಮೇಲೆ ಲ್ಯಾಪ್‌ಟಾಪೇ ಈ ಕಡೆಗೆ ಬಂತು. ಆ ಮೇಡಂ ಹುಳು ನೋಡಿದರು, ಸದ್ದು ಕೇಳಿದರು, ಕಣ್ಣರಳಿಸಿದರು, ಕೂತು ಇನ್ನೂ ಸ್ವಲ್ಪ ಕೇಳಿದರು. ಇದು ನಮ್ಮಲ್ಲಿ ಇಲ್ಲ, ನಮ್ಮ ಮಕ್ಕಳಿಗೂ ಇದು ಬೇಕು ಎಂದರು. ನನ್ನ ಕಣ್ಣು ತುಂಬಿತು. ಮನೆಗೆ ಹೋಗಿ ನಮ್ಮವರ ಫೋಟೋದ ಮುಂದೆ, “ನಿಮ್ಮ ಹುಳ ಗೆದ್ದವು ಕಣ್ರೀ” ಎಂದೆ. ಈಗ ಯೋಚಿಸಿದರೆ ಫೋಟೋದವರಿಗೆ ನನಗಿಂತ ಹೆಚ್ಚು ಬುದ್ಧಿ. ಅವರು ಏನೂ ಹೇಳಲಿಲ್ಲ.

ಪಾಠ ಉಳಿಯಿತು. ಹೇಗೆ ಉಳಿಯಿತು ಎನ್ನುವುದನ್ನು ಕೇಳಿ. ಚಳಿ ದೇಶದ ಮಕ್ಕಳು ಇಲ್ಲಿಗೆ ಬಂದು ಹುಳು ಸಾಕುವುದಂತೂ ಆಗದ ಮಾತು, ಆದ್ದರಿಂದ ಒಂದು ವಿಡಿಯೋ ಮಾಡಿ ಕಳಿಸುವುದು. ಅವರು ಅದನ್ನು ನೋಡಿ ಕಲಿಯುವುದು. ಎರಡೂ ಕಡೆ ಸರಿಸಮ ಆಗಬೇಕಲ್ಲ, ಹಾಗಾಗಿ ನಮ್ಮ ಮಕ್ಕಳೂ ಅದೇ ವಿಡಿಯೋ ನೋಡಿ ಕಲಿಯುವುದು. ಪಾಠದ ಹೆಸರು ಜಾಗತಿಕ ರೇಷ್ಮೆ ಅನುಭವ. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗ, ಮನೆಯಲ್ಲಿ ಹುಳು ಬಿಟ್ಟು ಬಂದು, ಇಲ್ಲಿ ಪರದೆಯ ಮೇಲೆ ಹುಳು ನೋಡಿ ಅನುಭವ ಪಡೆಯಬೇಕು. ನನಗೆ ಇದನ್ನು ಸಾರ್ ಪೂರ್ತಿ ಬಿಡಿಸಿ ಹೇಳಿರಲಿಲ್ಲ. ವಿಡಿಯೋ ಮಾಡುತ್ತಾರೆ ಎಂದಷ್ಟೇ ತಿಳಿದು ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ.

ಬೆಂಗಳೂರಿನಿಂದ ಕ್ಯಾಮೆರಾದವರು ಬಂದರು. ಅವರನ್ನು ಗೊತ್ತು ಮಾಡಿದ್ದು ಒಂದೇ ದಿನಕ್ಕೆ. ಆ ಒಂದು ದಿನವನ್ನು ಸಾರ್ ಚಳಿ ದೇಶದ ರಜೆ, ನಮ್ಮ ಕಾಲೇಜಿನ ಅಧ್ಯಕ್ಷರ ಬಿಡುವು, ಕ್ಯಾಮೆರಾದವರ ಪುರುಸೊತ್ತು ಎಲ್ಲ ನೋಡಿ ಆರಿಸಿದ್ದರು. ಹುಳುವನ್ನು ಮಾತ್ರ ಕೇಳಿರಲಿಲ್ಲ. ಅವು ಹಿಂದಿನ ದಿನ ಸಂಜೆಯೇ ನಾಲ್ಕನೇ ಜ್ವರಕ್ಕೆ ಕೂತಿದ್ದವು. ತಟ್ಟೆ ತುಂಬ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ನಿಶ್ಚಲ.

“ಏನ್ ಮೇಡಂ, ಅಲ್ಲಾಡ್ತಾನೇ ಇಲ್ಲ?” ಎಂದರು ಸಾರ್.

“ಜ್ವರಕ್ಕೆ ಕೂತವೆ ಸಾರ್. ನಾಳೆ ಏಳ್ತವೆ.”

“ನಾಳೆ ಕ್ಯಾಮೆರಾ ಇರಲ್ಲ. ಸ್ವಲ್ಪ ಎಬ್ಬಿಸಿ.”

“ಎಬ್ಬಿಸೋಕೆ ಅವೇನು ಸಾರ್, ಹಾಸ್ಟೆಲ್ ಹುಡುಗ್ರಾ?”

ಕ್ಯಾಮೆರಾದವರು ಅಲ್ಲಾಡದ ಹುಳುವನ್ನೇ ನಾಲ್ಕೂ ಕಡೆಯಿಂದ ತೆಗೆದುಕೊಂಡರು. ಆಮೇಲೆ ಸ್ಥಳೀಯ ಸಂಸ್ಕೃತಿ ಎಂಬ ಭಾಗ ಬಂತು. ಸಾರ್ ಕ್ಯಾಂಟೀನಿನಿಂದ ಒಂದು ಒಲೆ, ಬಾಣಲೆ, ಸಾಸಿವೆ, ಬೆಳ್ಳುಳ್ಳಿ ಎಲ್ಲ ತರಿಸಿ ತಟ್ಟೆಗಳ ಪಕ್ಕದಲ್ಲೇ ಇಡಿಸಿದರು. ರೇಷ್ಮೆ ಬೆಳೆಯುವ ಮನೆಯ ಹೆಂಗಸು ಹುಳುಗಳ ನಡುವೆ ಅಡುಗೆ ಮಾಡುತ್ತಿರುವ ದೃಶ್ಯವಂತೆ. ನಾನು ಒಗ್ಗರಣೆ ಹಾಕಬೇಕಂತೆ. ಹೊಗೆ ಏಳಬೇಕಂತೆ.

ಎಷ್ಟೋ ವರ್ಷ ಈ ಒಂದು ಗಳಿಗೆಗಾಗಿ ನಾನು ಕಾದಿದ್ದೆ. ಜ್ವರಕ್ಕೆ ಕೂತ ಹುಳು, ಕೈಗೆಟುಕುವ ಬಾಣಲೆ, ಬೇಡ ಎನ್ನುವವರಿಲ್ಲ, ಮೇಲಾಗಿ ಕಾಲೇಜಿನ ಆಜ್ಞೆ. ಸೌಟು ತೆಗೆದುಕೊಳ್ಳಲು ಕೈ ಮುಂದೆ ಹೋಯಿತು. ಬಾಯಿಂದ ಬಂದ ಮಾತೇ ಬೇರೆ. “ಹುಳ ಜ್ವರದಲ್ಲಿರುವಾಗ ಒಗ್ಗರಣೆಯಾ? ನಿಮಗೇನಾದ್ರೂ ಬುದ್ಧಿ ಇದೆಯಾ?” ಎಂದು ಕೂಗಿಬಿಟ್ಟೆ. ನನ್ನ ಅತ್ತೆಯ ಗಂಟಲೇ ಅದು. ಪ್ರಸನ್ನ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಕ್ಯಾಮೆರಾದವನು ಅದನ್ನೂ ತೆಗೆದುಕೊಂಡನೋ ಏನೋ.

ಸಾರ್ ಸಿಟ್ಟಾಗಲಿಲ್ಲ. ಬಹಳ ಸಮಾಧಾನವಾಗಿ, “ಹೋಗ್ಲಿ ಬಿಡಿ ಮೇಡಂ, ಕೆಟ್ಟರೆ ಕೆಡಲಿ. ಹೇಗೂ ಇದೇ ಕೊನೆ ಬ್ಯಾಚ್ ಅಲ್ವಾ” ಎಂದರು. ವಿಡಿಯೋ ಇದ್ದ ಮೇಲೆ ಹುಳು ಯಾಕೆ, ತಟ್ಟೆ ಯಾಕೆ, ಮುಂದಿನ ತಿಂಗಳು ಅಡ್ಡಗೋಡೆ ತೆಗೆಸಿ ಘಟಕವನ್ನು ದೊಡ್ಡದು ಮಾಡುವುದು, ನನಗೂ ಒಂದು ತಿರುಗುವ ಕುರ್ಚಿ ಎಂದು ಆಗ ಬಿಡಿಸಿ ಹೇಳಿದರು. ಕೆಟ್ಟ ಸುದ್ದಿ ಹೇಳುವಾಗ ಕುರ್ಚಿಯ ವಿಷಯ ಸೇರಿಸಿದರೆ ಹೆಂಗಸರಿಗೆ ಸಮಾಧಾನ ಆಗುತ್ತದೆ ಎಂದು ಅವರಿಗೆ ಯಾರು ಹೇಳಿದರೋ.

ನಾನು ಬಾಣಲೆ, ಒಲೆ ಎತ್ತಿಕೊಂಡು ಹೊರಗೆ ಬಂದೆ. ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಕೂತು, ಕ್ಯಾಮೆರಾದವರು ಹೇಳಿದ ಹಾಗೆ ಒಗ್ಗರಣೆ ಹಾಕಿದೆ. ಬೇಡ ಎಂದು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಕೆಲಸ ಬೇಕಾಗಿತ್ತು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಬೆಳ್ಳುಳ್ಳಿ ಕೆಂಪಾಯಿತು. ಅದು ಸರಿ ಬರಲಿಲ್ಲ ಎಂದು ಮತ್ತೊಮ್ಮೆ ಹಾಕಿಸಿದರು. ಮತ್ತೂ ಒಮ್ಮೆ. ಅವತ್ತು ಗಾಳಿಯೂ ಒಳಮುಖವಾಗಿಯೇ ಇತ್ತು. ಘಾಟು ನೇರವಾಗಿ ಕಿಟಕಿಯೊಳಗೆ ನುಗ್ಗಿತು. ಗಿರಿಧರ್ ಸಾರ್ ಕೆಮ್ಮುತ್ತಾ ಹೊರಗೆ ಬಂದರು. ಪ್ರಸನ್ನ ಕೆಮ್ಮುತ್ತಾ ಹೊರಗೆ ಬಂದಳು. ಹುಳುಗಳು ಮಾತ್ರ ಹೊರಗೆ ಬರುವ ಹಾಗಿರಲಿಲ್ಲ.

ಮಾರನೆಯ ದಿನ ಹೊತ್ತಿಗೆ ಮುಂಚೆಯೇ ಹೋಗಿ ಬಾಗಿಲು ತೆಗೆದೆ. ಹುಳುಗಳೆಲ್ಲ ಎದ್ದಿದ್ದವು. ಹಳೆಯ ಚರ್ಮ ಬಿಟ್ಟು, ಹೊಸ ಮೈಯಲ್ಲಿ, ಸೊಪ್ಪೆಲ್ಲಿ ಎಂದು ತಲೆ ಆಡಿಸುತ್ತಿದ್ದವು. ಪ್ರಸನ್ನ ತಟ್ಟೆ ತಟ್ಟೆಯನ್ನೂ ನೋಡಿ, “ಆಂಟಿ, ಒಂದೂ ಕೆಟ್ಟಿಲ್ಲ! ನಿಮ್ಮ ಒಗ್ಗರಣೆ ಹಿಡಿಸಿರಬೇಕು” ಎಂದಳು. ಸೊಪ್ಪು ಹಾಕಿದೆವು. ಆ ಮಳೆ ಶುರುವಾಯಿತು. ಅವಳು ತರಗತಿಗೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ.

ಆ ಹುಳುಗಳು ಗೂಡು ಕಟ್ಟಿದವು. ಪ್ರಸನ್ನ ಮತ್ತು ನಾನು ಗೂಡನ್ನು ಶಿಡ್ಲಘಟ್ಟಕ್ಕೆ ತೆಗೆದುಕೊಂಡು ಹೋದೆವು. ಮಾರುಕಟ್ಟೆಯಲ್ಲಿ ನೂರುಲ್ಲಾ ಸಾಬರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ಮಾಲು ಒಳ್ಳೇದಿದೆ ಮೇಷ್ಟ್ರಮ್ಮಾ. ಮುಂದಿನ ಬೆಳೆ ಯಾವಾಗ?” ಎಂದರು. ಇನ್ನು ವಿಡಿಯೋ ಅಂತೆ ಎಂದೆ. “ವಿಡಿಯೋದಲ್ಲಿ ನೂಲು ಬರ್ತದಾ?” ಎಂದು ಕೇಳಿ, ನನ್ನ ಮುಖ ನೋಡಿ, ಚಹಾ ಹೇಳಿದರು.

ವಿಡಿಯೋ ತಯಾರಾಗಿ ಬಂದ ದಿನ ಎಲ್ಲರನ್ನೂ ಕೂರಿಸಿ ತೋರಿಸಿದರು. ಕ್ಯಾಮೆರಾದವರಿಗೆ ಹುಳು ತಿನ್ನುವ ಸದ್ದು ಸಿಕ್ಕಿರಲಿಲ್ಲವಲ್ಲ, ಅದೇ ಸದ್ದು ಬೇಕೆಂದು ಚಳಿ ದೇಶದ ಮೇಡಂ ಕೇಳಿದ್ದರಲ್ಲ, ಕ್ಯಾಮೆರಾದವರು ಒಂದು ಉಪಾಯ ಮಾಡಿದ್ದರು. ಎಲ್ಲಿಂದಲೋ ತಂದ ಹುಳುಗಳ ಚಿತ್ರ ತೋರಿಸಿ, ಅದರ ಕೆಳಗೆ ನನ್ನ ಒಗ್ಗರಣೆಯ ಚಟಪಟವನ್ನು ಸ್ವಲ್ಪ ತಗ್ಗಿಸಿ ಸೇರಿಸಿದ್ದರು. ಸಾಸಿವೆ ಸಿಡಿಯುತ್ತದೆ, ಹುಳು ತಿನ್ನುತ್ತದೆ. ಸಾರ್ ಚಪ್ಪಾಳೆ ತಟ್ಟಿದರು. ನನಗೆ ಗೊತ್ತಾಗಿದ್ದು ನನ್ನದೇ ಸಾಸಿವೆಯಾದ್ದರಿಂದ. ಜಗತ್ತಿನ ಯಾವುದೋ ಮೂಲೆಯಲ್ಲಿ ಈಗ ಮಕ್ಕಳು ರೇಷ್ಮೆಹುಳು ಹೀಗೆ ಸದ್ದು ಮಾಡುತ್ತದೆ ಎಂದು ಕಲಿಯುತ್ತಿರುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಿರುತ್ತಾರೆ. ನಮ್ಮ ಮಕ್ಕಳೂ ಅದನ್ನೇ ಬರೆಯುತ್ತಾರೆ. ಕಡೆಗೂ ಎರಡೂ ಕಡೆ ಸರಿಸಮ ಆಯಿತು.

ತಿರುಗುವ ಕುರ್ಚಿ ಬಂದಿದೆ. ಅಡ್ಡಗೋಡೆ ಹೋಗಿದೆ. ಮನೆಯ ನಡುಮನೆಯಲ್ಲಿ ಸೋಫಾ ತನ್ನ ಜಾಗಕ್ಕೆ ಬಂದು ಕೈಕಾಲು ಚಾಚಿಕೊಂಡಿದೆ. ಭಾನುವಾರ ಸಾರು ಮಾಡಿ ಬಾಣಲೆ ಇಟ್ಟು, ಎಣ್ಣೆ ಕಾಯುವ ತನಕ ನಾನು ನಡುಮನೆಯ ಕಡೆ ಕಿವಿಗೊಟ್ಟು ನಿಲ್ಲುತ್ತೇನೆ. ಜ್ವರದ ಹುಳುವಿಗೆ ಘಾಟು ತಾಗಿದರೆ ಏನಾಗುತ್ತದೆ ಎನ್ನುವುದು ನನಗೆ ಈಗ ಖಚಿತವಾಗಿ ಗೊತ್ತು, ಸಾಕ್ಷಿಗೆ ಹಿಂದೂಪುರದ ಹುಡುಗಿಯೂ ಇದ್ದಾಳೆ. ಹೇಳಿದರೆ ನಮ್ಮವರು ಸುಲಭಕ್ಕೆ ಒಪ್ಪುವವರಲ್ಲ. “ಮೆಟ್ಟಿಲ ಮೇಲೆ ಹಾಕಿದ್ದು ಲೆಕ್ಕಕ್ಕಿಲ್ಲ ಕಣೇ, ಒಳಗೆ ಹಾಕಿದ್ದರೆ ನೋಡಬೇಕಿತ್ತು” ಎನ್ನುತ್ತಿದ್ದರು. ಅದಕ್ಕೂ ನಾನು ಉತ್ತರ ಕೂಡಿಟ್ಟುಕೊಂಡಿದ್ದೇನೆ, ಗಾಳಿ ಒಳಮುಖವಾಗಿತ್ತು ಎಂದು.

ಏನಾಯ್ತು ಅಂತ ನನಗೆ ಹೇಳೀವಂತೆ ಎಂದಿದ್ದರು. ಏನೂ ಆಗಲಿಲ್ಲ. ಹೇಳೋಣವೆಂದರೆ ಅವರಿಲ್ಲ.